ಅಡುಗೆ ಕೋಣೆ ಕಟ್ಟುವ ಮೊದಲೇ ನೀರು ನುಗ್ಗಿತು!



ನಮ್ಮ ಶಾಲೆಗೆ ಹೊಸ ಬಿಸಿಯೂಟದ ಕೋಣೆ ಆಗುತ್ತದೆ ಎಂದು ನಿಮಗೆಲ್ಲ ಗೊತ್ತೇ ಇದೆ. ಈಗಿನ ಕೋಣೆಗೆ ಮಳೆ ಹಿಡಿದರೆ ನೀರು ಬರುತ್ತದೆ. ನಮ್ಮಮ್ಮ ಅಲ್ಲೇ ಅಡುಗೆ ಮಾಡುವವರು. ಹೋದ ವರ್ಷ ಅಕ್ಕಿ ಮೂಟೆಯ ಬುಡವೇ ನೆನೆದಿತ್ತು.

ಹೊಸ ಕೋಣೆಯ ನಕ್ಷೆಯನ್ನು ಪೋಷಕರ ಸಭೆಯಲ್ಲಿ ಮೇಜಿನ ಮೇಲೆ ಹರಡಿದರು. ಎಲ್ಲರೂ ತಲೆ ಆಡಿಸಿದರು. ಮನೆಗೆ ಬಂದ ಮೇಲೆ ಅಮ್ಮ, "ನಂಗೇನೂ ತಿಳೀಲಿಲ್ಲ ಕಣೆ. ಎಲ್ರೂ ಹೂಂ ಅಂದ್ರು, ನಾನೂ ಹೂಂ ಅಂದೆ" ಅಂದರು. ದಿನಾ ಅಲ್ಲಿ ನಿಲ್ಲುವವರಿಗೇ ತಿಳಿಯದಿದ್ದರೆ ಹೇಗೆ? ಅದಕ್ಕೇ ಈ ಲೇಖನ.

ನಕ್ಷೆ ಎಂದರೆ ಕಟ್ಟಡವನ್ನು ಕಿಟಕಿಯ ಮಟ್ಟಕ್ಕೆ ಅಡ್ಡಲಾಗಿ ಕೊಯ್ದು, ಮೇಲಿನ ಭಾಗ ತೆಗೆದಿಟ್ಟು, ಆಕಾಶದಿಂದ ನೋಡಿದ ಹಾಗೆ. ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನ ನೋಡಿದ್ದೀರಲ್ಲ? ಅದು ತ್ರಿಕೂಟ. ಅದರ ನಕ್ಷೆ ನೋಡಿದರೆ ಮೂರು ಗರ್ಭಗುಡಿ ಎಲ್ಲೆಲ್ಲಿ ಅಂತ ತಕ್ಷಣ ತಿಳಿಯುತ್ತದೆ. ಆದರೆ ಶಿಖರ ಎಷ್ಟು ಎತ್ತರ ಅಂತ ಆ ನಕ್ಷೆ ಹೇಳುವುದಿಲ್ಲ. ನೆಲದ ಇಳಿಜಾರೂ ಹಾಗೆಯೇ, ಬೇರೆ ಗೆರೆ ಎಳೆದು ತೋರಿಸದಿದ್ದರೆ ಕಾಣುವುದೇ ಇಲ್ಲ.

ಈಗ ಕಂಪ್ಯೂಟರಿನಲ್ಲಿ ಓಡುವ ಚಿತ್ರ ಮಾಡಿ ತೋರಿಸುತ್ತಾರೆ. ಅದಕ್ಕೆ ಅನಿಮೇಷನ್ ಎನ್ನುತ್ತಾರೆ. ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚಿತ್ರ ಬರೆದು ಸರ್ರನೆ ಬಿಟ್ಟರೆ ಕೋಳಿ ಓಡುತ್ತದಲ್ಲ, ಅದೇ ಉಪಾಯ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಕಟ್ಟದೇ ಇರುವ ಮನೆಯೊಳಗೆ ನಡೆದು ಹೋದಂತೆ ಇರುತ್ತದೆ. ಆದರೆ ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಮೇಷ್ಟ್ರು ತೋರಿಸಿದ ಚಿತ್ರದಲ್ಲಿ ಯಾವಾಗಲೂ ಬಿಸಿಲೇ ಇತ್ತು. ಸೊರಬದ ಕಡೆಯ ಮಳೆ ಅದರಲ್ಲಿ ಒಂದು ಹನಿಯೂ ಬೀಳಲಿಲ್ಲ!

ಮಾದರಿಯಾದರೆ ಮುಟ್ಟಬಹುದು, ಸುತ್ತ ತಿರುಗಿ ನೋಡಬಹುದು. ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಅಣೆಕಟ್ಟುಗಳ ಚಿಕ್ಕ ಮಾದರಿ ಕಟ್ಟಿ ನಿಜವಾದ ನೀರನ್ನೇ ಹರಿಸಿ ನೋಡುತ್ತಾರೆ. ಇದರಲ್ಲೊಂದು ಸೋಜಿಗದ ಲೆಕ್ಕ ಇದೆ. ಮಾದರಿಯನ್ನು 25ರಲ್ಲಿ 1 ಪಾಲು ಮಾಡಿದರೆ ನೀರಿನ ವೇಗ 25ರಲ್ಲಿ 1 ಪಾಲು ಆಗುವುದಿಲ್ಲ, 5ರಲ್ಲಿ 1 ಪಾಲು ಆಗುತ್ತದೆ (25ರ ವರ್ಗಮೂಲ 5). ಅಲ್ಲಿ 5 ಗಂಟೆಯಲ್ಲಿ ಆಗುವುದು ಇಲ್ಲಿ 1 ಗಂಟೆಯಲ್ಲಿ ಮುಗಿಯುತ್ತದೆ. ಹೊಳೆಯಲ್ಲಿ ಸೆಕೆಂಡಿಗೆ 3125 ಲೀಟರ್ ಹರಿದರೆ ಮಾದರಿಗೆ 1 ಲೀಟರ್ ಸಾಕು.

ಅದನ್ನು ಕೇಳಿ ನಾವು ಐದು ಜನ ಮಾದರಿ ಮಾಡಿದೆವು. ಅಳತೆ 50ಕ್ಕೆ 1, ಅಂದರೆ 1 ಮೀಟರಿಗೆ 2 ಸೆಂ.ಮೀ. ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ. ರಟ್ಟಿನಲ್ಲಿ 8 ಮತ್ತು 6 ಸೆಂ.ಮೀ. ಬಂತು. ಮಾಡಿಗೆ ಅಡಿಕೆ ಹಾಳೆ. ನೆಲದ ಇಳಿಜಾರು ಅಳೆಯಲು ಗಾರೆ ಕೆಲಸದ ಮಾಮ ನೀರು ತುಂಬಿದ ಪೈಪು ಕೊಟ್ಟರು. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಂದ ನೆಲಕ್ಕೆ ಎಷ್ಟು ಅಂತ ಎರಡೂ ಕಡೆ ಅಳೆದರೆ ಆಯ್ತು. 15 ಮೀಟರಿಗೆ 60 ಸೆಂ.ಮೀ. ಇಳಿಜಾರು ಸಿಕ್ಕಿತು. ಜೇಡಿಮಣ್ಣಿನಲ್ಲಿ 30 ಸೆಂ.ಮೀ. ಉದ್ದಕ್ಕೆ 1.2 ಸೆಂ.ಮೀ. ಇಳಿಸಿದೆವು.

ಮುಂದಿನ ಸಭೆಗೆ ಅದನ್ನು ಒಯ್ದೆವು. ಅಮ್ಮ ಬಗ್ಗಿ ನೋಡಿ, "ಬಾಗ್ಲು ಮೇಲ್ಗಡೆಗಾ ಇರೋದು?" ಅಂತ ಕೇಳಿ, ತಂಬಿಗೆಯಿಂದ ಮೇಲಿನ ತುದಿಗೆ ನೀರು ಬಿಟ್ಟರು. ಎಲ್ಲರೂ ನೋಡುತ್ತಿದ್ದ ಹಾಗೆ ನೀರು ಸೀದಾ ಬಾಗಿಲಿನಿಂದ ಒಳಗೆ ಹೋಯಿತು! ಮೊದಲು ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಇಂಜಿನಿಯರ್ ಸಾಹೇಬರು ಪೆನ್ಸಿಲ್ ತೆಗೆದು ಬಾಗಿಲನ್ನು ಕೆಳಗಡೆಗೆ ಬರೆದರು, ಮೇಲ್ಗಡೆ ಒಂದು ಚರಂಡಿ ಎಳೆದರು. "ಪಾಯ ಎಷ್ಟು ಎತ್ತರ ಮಾಡೋಣ ಅಮ್ಮಾ?" ಎಂದು ಅವರೇ ಕೇಳಿದರು. ಅಮ್ಮ ಮೊಣಕಾಲು ತೋರಿಸಿದರು. ಅಳೆದಾಗ 45 ಸೆಂ.ಮೀ. ಇತ್ತು. ಅದನ್ನೇ ಬರೆದುಕೊಂಡರು.

ಕೆಲಸ ಇನ್ನೂ ಶುರುವಾಗಿಲ್ಲ. ಮಾದರಿ ಆಫೀಸಿನ ಬೀರು ಮೇಲಿದೆ. ನೋಡಬೇಕಾದವರು ಕೇಳಿ ತೆಗೆದುಕೊಳ್ಳಿ, ಆದರೆ ಇನ್ನು ನೀರು ಹಾಕಬೇಡಿ, ರಟ್ಟು ಉಬ್ಬಿದೆ.

– 7ನೇ ತರಗತಿಯ ವಿದ್ಯಾರ್ಥಿನಿ