ಬಾಣಂತನವೆಂಬ ಸಾಂತ್ವನ: ತಾಯ್ತನದ ಬವಣೆಗಳಲ್ಲಿ ಕ್ರೈಸ್ತ ವಿಶ್ವಾಸದ ಆಸರೆ

ಕಂಪ್ಲಿಯ ಆಸುಪಾಸಿನ ಒಂದು ಹಳ್ಳಿಯಲ್ಲಿ ಭಾನುವಾರದ ಬಲಿಪೂಜೆಯನ್ನು ಮುಗಿಸಿ ಹೊರಬಂದಾಗ, ಕಂಕುಳಲ್ಲಿ ಕೂಸನ್ನು ಹೊತ್ತ ತಾಯಿಯೊಬ್ಬರು ನಮ್ಮ ಬಳಿ ಬಂದು ತಲೆತಗ್ಗಿಸಿ ಹೇಳಿದರು: “ಫಾದರ್, ನಾನು ಜಪಸರ ಹಿಡಿದು ಆರು ತಿಂಗಳಾತು. ಕೂಸು ಮಲಗಿದ್ರ ನಾನೂ ಮಲಗಿಬಿಡ್ತೀನಿ. ಪೂಜೆಗೆ ಬಂದ್ರೂ ಅದು ಅಳ್ತದ, ಹೊರಗ ನಿಂದ್ರತೀನಿ. ದೇವರಿಗೆ ನನ್ನ ಮ್ಯಾಲ ಸಿಟ್ಟು ಬಂದಿರಬೇಕ್ರಿ.” ನಾವು ಕೊಟ್ಟ ಉತ್ತರ ಇದು: “ನೋಡಮ್ಮ, ಮಾತೆ ಮರಿಯಮ್ಮನವರ ತಾಳ್ಮೆಯನ್ನು ನೆನಪು ಮಾಡ್ಕೋ. ಸ್ವಲ್ಪ ಹೊತ್ತು ಮಾಡ್ಕೊಂಡು ಪ್ರಾರ್ಥನೆ ಮಾಡು.”

ಆ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ತಾಯಿ ಬಂದಾಗ ಹೊತ್ತಿದ್ದ ಭಾರಕ್ಕೆ ಇನ್ನೊಂದನ್ನು ಸೇರಿಸಿಕೊಂಡು ಮರಳಿದರೆಂದು ನಮಗೆ ಅರಿವಾದದ್ದು ತಡವಾಗಿ. ಗುರುವಿದ್ಯಾರ್ಥಿಗಳಿಗೆ ದೇವಶಾಸ್ತ್ರವನ್ನು ಬೋಧಿಸುವ ನಾವೇ ಹೀಗೆ ಉತ್ತರಿಸಿದೆವೆಂದ ಮೇಲೆ, ತಾಯ್ತನದ ಬವಣೆಯಲ್ಲಿ ವಿಶ್ವಾಸವು ನೀಡುವ ಸಾಂತ್ವನ ಎಂತಹುದು ಎಂಬ ಪ್ರಶ್ನೆಯನ್ನು ಮೊದಲಿನಿಂದ ಪರಿಶೀಲಿಸುವುದು ಅಗತ್ಯವೆನಿಸಿತು. ಈ ಲೇಖನ ಆ ಪರಿಶೀಲನೆಯ ಫಲ.

1. ಏಲಿಯ ತಪ್ಪು

ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಹನ್ನಳ ವೃತ್ತಾಂತವಿದೆ. ಮಕ್ಕಳಿಲ್ಲದ ಅವಳನ್ನು ಸವತಿ ಪೆನಿನ್ನ ವರ್ಷವರ್ಷವೂ ಕೆಣಕುತ್ತಿದ್ದಳು. ಗಂಡ ಎಲ್ಕಾನನು ಪ್ರೀತಿಯುಳ್ಳವನೇ. ಆದರೂ ಹತ್ತು ಗಂಡುಮಕ್ಕಳಿಗಿಂತ ತಾನೊಬ್ಬ ಸಾಲದೇ ಎಂದು ಕೇಳಿದನೇ ಹೊರತು ಅವಳ ದುಃಖವನ್ನು ಕೇಳಲಿಲ್ಲ. ಶಿಲೋವಿನ ಮಂದಿರದಲ್ಲಿ ಅವಳು ಮನಸ್ಸಿನಲ್ಲಿಯೇ ಪ್ರಾರ್ಥಿಸುತ್ತಿದ್ದಾಗ, ಬಾಗಿಲ ಬಳಿಯ ಪೀಠದಲ್ಲಿ ಕುಳಿತಿದ್ದ ಯಾಜಕ ಏಲಿ ಅವಳ ತುಟಿಗಳ ಚಲನೆಯನ್ನು ಕಂಡು ಇವಳು ಕುಡಿದಿದ್ದಾಳೆಂದು ಭಾವಿಸಿ ಗದರಿಸಿದನು (1 ಸಮು 1:9-14).

ದೇವಾಲಯದ ಅಧಿಕೃತ ಯಾಜಕನಿಗೆ ಪ್ರಾರ್ಥನೆಯ ಗುರುತೇ ಸಿಗಲಿಲ್ಲ. ಅವನಿಗೆ ಪರಿಚಿತವಾಗಿದ್ದ ಪ್ರಾರ್ಥನೆಯ ರೂಪ ಬೇರೆ. ಬಸವಳಿದ ಹೆಣ್ಣಿನ ಪ್ರಾರ್ಥನೆಯ ರೂಪ ಬೇರೆ. ನಮ್ಮ ತಪ್ಪೂ ಇದೇ. ನಿದ್ದೆಗೆಟ್ಟ ತಾಯಿಯ ಬಳಲಿಕೆಯನ್ನು ನಾವು ಭಕ್ತಿಯ ಕೊರತೆಯೆಂದು ಓದುತ್ತೇವೆ.

ಏಲಿಯ ಹಿರಿಮೆಯೆಂದರೆ, ಹನ್ನಳ ಉತ್ತರವನ್ನು ಕೇಳಿದೊಡನೆ ಅವನು ತನ್ನ ತೀರ್ಪನ್ನು ಹಿಂತೆಗೆದುಕೊಂಡು ಅವಳನ್ನು ಆಶೀರ್ವದಿಸಿದ್ದು. ಆಗ ಅವಳು ಹೋಗಿ ಊಟಮಾಡಿದಳು. ಅವಳ ಮುಖದಲ್ಲಿ ದುಃಖ ಉಳಿಯಲಿಲ್ಲ (1 ಸಮು 1:17-18). ಇಲ್ಲಿ ಘಟನೆಗಳ ಅನುಕ್ರಮವನ್ನು ಗಮನಿಸಬೇಕು. ಸಮುವೇಲನು ಇನ್ನೂ ಗರ್ಭದಲ್ಲಿರಲಿಲ್ಲ. ಬೇಡಿದ್ದು ಕೈಗೂಡುವ ಮುನ್ನವೇ ಅವಳ ಮುಖ ಬದಲಾಯಿತು. ಅವಳ ಅಳಲನ್ನು ಒಬ್ಬರು ಸರಿಯಾಗಿ ಕೇಳಿಸಿಕೊಂಡದ್ದೇ ಮೊದಲ ಸಾಂತ್ವನವಾಯಿತು.

2. ‘ಸಾಂತ್ವನ’ದ ಅರ್ಥ

ಹೊಸ ಒಡಂಬಡಿಕೆಯಲ್ಲಿ ಸಾಂತ್ವನಕ್ಕೂ ಉತ್ತೇಜನಕ್ಕೂ ಬಳಕೆಯಾಗುವ ಗ್ರೀಕ್ ಪದ ‘ಪರಾಕ್ಲೇಸಿಸ್’. ಅದರ ಮೂಲ ಕ್ರಿಯಾಪದಕ್ಕೆ ‘ಪಕ್ಕಕ್ಕೆ ಕರೆಯುವುದು’ ಎಂದು ಅರ್ಥ. ಪವಿತ್ರಾತ್ಮರನ್ನು ಸಂತ ಯೊವಾನ್ನರು ಕರೆಯುವ ‘ಪರಾಕ್ಲೇತೋಸ್’ ಎಂಬ ಹೆಸರೂ ಇದರಿಂದಲೇ ಬಂದುದು: ನೆರವಿಗಾಗಿ ಪಕ್ಕಕ್ಕೆ ಕರೆಯಲ್ಪಟ್ಟವರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದ ಐದೇ ವಚನಗಳಲ್ಲಿ (1:3-7) ಸಂತ ಪೌಲರು ಈ ಪದವನ್ನೂ ಅದರ ಕ್ರಿಯಾರೂಪವನ್ನೂ ಒಟ್ಟು ಹತ್ತು ಬಾರಿ ಬಳಸುತ್ತಾರೆ. ಆದ್ದರಿಂದ ಕ್ರೈಸ್ತ ಸಾಂತ್ವನವೆಂದರೆ ದೂರದಿಂದ ಹೇಳುವ ಬುದ್ಧಿಮಾತಲ್ಲ. ಪಕ್ಕದಲ್ಲಿ ಬಂದು ನಿಲ್ಲುವುದು.

ಇದಕ್ಕೆ ನಮ್ಮ ನೆಲದಲ್ಲಿ ಒಂದು ಹೆಸರಿದೆ: ಬಾಣಂತನ. ಚೊಚ್ಚಲು ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಎಣ್ಣೆನೀರು, ಬಿಸಿ ಊಟ, ಅಂಟಿನುಂಡೆ, ಕೂಸಿಗೆ ಸಾಂಬ್ರಾಣಿ ಹೊಗೆ, ತೊಟ್ಟಿಲು ತೂಗುವ ಅಜ್ಜಿಯ ಕೈ: ಇವುಗಳ ನಡುವೆ ಅವಳು ಕೆಲವು ತಿಂಗಳು ನಿಶ್ಚಿಂತಳಾಗಿರಬೇಕೆಂಬುದು ಆ ಪದ್ಧತಿಯ ಆಶಯ. ಬಾಣಂತಿಗೆ ಯಾರೂ ಧೈರ್ಯದ ಉಪನ್ಯಾಸ ನೀಡುವುದಿಲ್ಲ. ಅವಳು ಮಲಗಲಿ ಎಂದು ಕೂಸನ್ನು ಎತ್ತಿಕೊಳ್ಳುತ್ತಾರೆ.

ಸಂತ ಲೂಕರ ಶುಭಸಂದೇಶದಲ್ಲಿ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂಧಿಸುವ ಪ್ರಸಂಗವನ್ನು ಈ ಬೆಳಕಿನಲ್ಲಿ ಓದಬಹುದು. ನಾವು ಸಾಮಾನ್ಯವಾಗಿ ಅವರ ಸ್ತೋತ್ರಗೀತೆಯ ಬಳಿಯೇ ನಿಂತುಬಿಡುತ್ತೇವೆ. ಆದರೆ ಅದರ ನಂತರದ ಸರಳ ವಾಕ್ಯವು, ಮರಿಯಮ್ಮನವರು ಸುಮಾರು ಮೂರು ತಿಂಗಳು ಅಲ್ಲಿದ್ದು ಹಿಂದಿರುಗಿದರೆಂದು ತಿಳಿಸುತ್ತದೆ (ಲೂಕ 1:56). ಅದು ಎಲಿಜಬೇತಮ್ಮನವರ ಆರನೆಯ ತಿಂಗಳಿನಿಂದ ದಿನ ತುಂಬುವವರೆಗಿನ ಅವಧಿ. ವಯಸ್ಸಾದ ಮೇಲೆ ಗರ್ಭಿಣಿಯಾದ ಬಂಧುವಿನ ಪಕ್ಕದಲ್ಲಿ, ತಾನೂ ಬಸುರಿಯಾಗಿದ್ದ ಎಳೆಯಳು ಮೂರು ತಿಂಗಳು ಇದ್ದಳು. ದೇವಪುತ್ರರು ಉದರದಲ್ಲಿದ್ದಾಗ ನಡೆದ ಮೊದಲ ಪಯಣವೇ ಇಂತಹ ನೆರವಿನದು.

3. ದೇವರ ತಾಯ್ಮೆ

ಹೀಬ್ರೂ ಭಾಷೆಯಲ್ಲಿ ಕರುಣೆಗೆ ಬಳಕೆಯಾಗುವ ‘ರಹಮೀಮ್’ ಎಂಬ ಪದ ಗರ್ಭಕೋಶವೆಂಬ ಅರ್ಥದ ‘ರೆಹೆಮ್’ ಪದಕ್ಕೆ ಸಂಬಂಧಿಸಿದ್ದು. 1980ರಲ್ಲಿ ಪ್ರಕಟವಾದ ‘ದೀವೆಸ್ ಇನ್ ಮಿಸೆರಿಕೋರ್ದಿಯಾ’ ವಿಶ್ವಪತ್ರದಲ್ಲಿ ವಿಶ್ವಗುರು ದ್ವಿತೀಯ ಜಾನ್ ಪಾಲರು ಈ ಸಂಬಂಧವನ್ನು ವಿವರಿಸಿದ್ದಾರೆ. ದೇವರು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಆದರೂ ಅವರ ವಾತ್ಸಲ್ಯವನ್ನು ತಾಯ್ತನದ ರೂಪಕದಿಂದಲೂ ಹೇಳಬಹುದೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತಿಳಿಸುತ್ತದೆ (ಸಂಖ್ಯೆ 239).

ಯೆಶಾಯನ ಪ್ರವಾದನೆಯಲ್ಲಿ ಈ ರೂಪಕ ಮತ್ತೆ ಮತ್ತೆ ಬರುತ್ತದೆ. ದೇವರು ಹೆರಿಗೆಯ ಬೇನೆಯಲ್ಲಿರುವವಳಂತೆ ಕೂಗುತ್ತಾರೆ (42:14). ತಾಯಿಯಂತೆ ಸಂತೈಸುತ್ತಾರೆ (66:13). ಹಾಲುಣ್ಣುವ ಕೂಸನ್ನು ತಾಯಿ ಮರೆತರೂ ತಾನು ಮರೆಯೆನೆಂದು ಸಿಯೋನಿಗೆ ಮಾತುಕೊಡುತ್ತಾರೆ (49:15). ಈ ಕೊನೆಯ ವಚನವನ್ನು ತಾಯಂದಿರಿಗೆ ಆದರ್ಶ ಬೋಧಿಸಲು ಬಳಸುವುದುಂಟು. ವಾಸ್ತವವಾಗಿ ಅದು ದೇವರು ನಮ್ಮನ್ನು ಮರೆತಿದ್ದಾರೆಂದು ಕೊರಗುತ್ತಿದ್ದ ಜನರಿಗೆ ಹೇಳಿದ ಮಾತು. ತಾಯಿಯ ಶಕ್ತಿಗೂ ಮಿತಿಯುಂಟೆಂದು ಅದು ಒಪ್ಪಿಕೊಳ್ಳುತ್ತದೆ. ಆ ಮಿತಿಯ ಆಚೆಗೂ ಕೂಸನ್ನು ಹಿಡಿದಿರುವ ಕೈಯೊಂದಿದೆ ಎನ್ನುತ್ತದೆ. ತನ್ನಿಂದ ಸಾಧ್ಯವಾಗುತ್ತಿಲ್ಲವೆಂದು ನಡುರಾತ್ರಿ ಅಳುವ ತಾಯಿಗೆ ಇದು ಆಪಾದನೆಯಲ್ಲ, ಅಭಯ.

ಸಂಖ್ಯಾಕಾಂಡದ ಹನ್ನೊಂದನೆಯ ಅಧ್ಯಾಯ ಇನ್ನೂ ಸ್ಪಷ್ಟವಾಗಿದೆ. ಜನರ ಗೊಣಗಾಟದಿಂದ ಸೋತುಹೋದ ಮೋಶೆ, ಇವರನ್ನೆಲ್ಲ ಹೆತ್ತವನು ನಾನೇ ಎಂದು ದೇವರನ್ನೇ ಕೇಳುತ್ತಾನೆ. ಈ ಹೊರೆಗಿಂತ ಸಾವೇ ಲೇಸೆನ್ನುತ್ತಾನೆ. ದೇವರು ಅವನನ್ನು ಗದರಿಸುವುದಿಲ್ಲ, ತಾಳ್ಮೆಯನ್ನು ಬೋಧಿಸುವುದೂ ಇಲ್ಲ. ಎಪ್ಪತ್ತು ಮಂದಿ ಹಿರಿಯರನ್ನು ಕರೆಸಿ, ಅವನೊಡನೆ ಹೊರೆ ಹೊರಲು ಅವರಿಗೆ ಆತ್ಮವನ್ನು ಹಂಚುತ್ತಾರೆ (11:11-17). ಬಳಲಿದವರಿಗೆ ದೇವರು ಕೊಡುವ ಉತ್ತರ ಹೊರೆಯನ್ನು ಹಂಚಿಕೊಳ್ಳುವ ಕೈಗಳು.

4. ನಮ್ಮ ನೆಲದ ಹಾಗರಳು

ಆದರೆ ತವರೇ ಇಲ್ಲದವರ ಗತಿಯೇನು? ಸಂಡೂರಿನ ಗಣಿಗಳಿಗೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ದುಡಿಮೆಯನ್ನರಸಿ ಬಂದ ಕುಟುಂಬಗಳಲ್ಲಿ ಅನೇಕ ತಾಯಂದಿರ ತವರು ದೂರದಲ್ಲಿದೆ. ಕಂಪ್ಲಿಯ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕೂಸಿನ ಅಳುವಿಗೆ ಒಂದು ಕಿವಿಯನ್ನು ಕೊಟ್ಟು, ಬಾಗಿದ ಬೆನ್ನಿನಲ್ಲೇ ದಿನ ಕಳೆಯುವವರಿದ್ದಾರೆ. ಪ್ರವಾಸಿಗರು ಹೆಚ್ಚುವ ತಿಂಗಳುಗಳಲ್ಲಿ ಹಂಪಿಯ ಪುಟ್ಟ ಅಂಗಡಿಗಳ ತಾಯಂದಿರಿಗೆ ಬೆಳಗು-ಬೈಗುಗಳ ವ್ಯತ್ಯಾಸವಿಲ್ಲ. ಹೊಸಪೇಟೆಯ ಸುತ್ತಿನ ಈ ಸೀಮೆಯಲ್ಲಿ ದೇವದಾಸಿ ಪದ್ಧತಿಯ ಗಾಯವೂ ಇದೆ. 1982ರ ಕಾಯಿದೆ ಆ ಸಮರ್ಪಣೆಯನ್ನು ನಿಷೇಧಿಸಿತು. ಆದರೆ ಅದಕ್ಕೆ ಸಿಕ್ಕಿ, ಅರ್ಜಿಯಲ್ಲಿ ತಂದೆಯ ಹೆಸರೆಂಬ ಅಂಕಣದ ಮುಂದೆ ತಡವರಿಸಿದ ತಾಯಂದಿರ ನೋವನ್ನು ಕಾಯಿದೆಯೊಂದೇ ಅಳಿಸಲಾರದು.

ಇವರ ಕಥೆ ಪವಿತ್ರ ಗ್ರಂಥಕ್ಕೆ ಹೊಸದಲ್ಲ. ದಾಸಿಯಾದ ಹಾಗರಳನ್ನು ಮಗುವಿನ ತಂದೆಯೇ ರೊಟ್ಟಿಯನ್ನೂ ನೀರಿನ ತಿತ್ತಿಯನ್ನೂ ಕೊಟ್ಟು ಅಡವಿಗೆ ಕಳುಹಿಸಿದನು. ನೀರು ತೀರಿದಾಗ ಮಗುವನ್ನು ಪೊದೆಯಡಿ ಮಲಗಿಸಿ, ಅದರ ಸಾವನ್ನು ನೋಡಲಾರದೆ ದೂರ ಕುಳಿತು ಅತ್ತಳು (ಆದಿ 21:14-16). ಅವಳನ್ನು ಕಲ್ಲೆದೆಯವಳೆಂದು ಗ್ರಂಥ ಹಳಿಯುವುದಿಲ್ಲ. ದೇವರು ಹುಡುಗನ ದನಿಯನ್ನು ಕೇಳಿ, ತಾಯಿಯ ಕಣ್ಣು ತೆರೆದು, ಬಾವಿಯನ್ನು ತೋರಿಸಿದರು. ಇದಕ್ಕೂ ಮೊದಲು, ಬಸುರಿಯಾಗಿದ್ದಾಗಲೇ, ತನ್ನನ್ನು ನೋಡುವ ದೇವರೆಂದು ಆಕೆ ದೇವರಿಗೆ ಹೆಸರಿಟ್ಟಿದ್ದಳು (ಆದಿ 16:13). ಗಂಡನ ಹೆಸರಿನ ಆಸರೆಯಿಲ್ಲದ ತಾಯಿಯೇ ದೇವರಿಗೆ ಹೆಸರು ಕೊಟ್ಟಳೆಂಬುದು ನಮ್ಮ ಧರ್ಮಕೇಂದ್ರಗಳಲ್ಲಿ ಗಟ್ಟಿಯಾಗಿ ಹೇಳಬೇಕಾದ ಶುಭವಾರ್ತೆ.

ಕೆಲವು ದುಃಖಗಳಿಗೆ ಬೇಗನೆ ಸಾಂತ್ವನ ಹೇಳಬಾರದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರಂತೆ ಅಸುನೀಗಿದರು. ಸಲೈನ್ ದ್ರಾವಣದ ಗುಣಮಟ್ಟದ ಕುರಿತು ರಾಜ್ಯದಾದ್ಯಂತ ಪ್ರಶ್ನೆಗಳೆದ್ದವು. ಇಂತಹ ಮರಣವನ್ನು ದೇವರ ಚಿತ್ತವೆಂದು ಹೇಳಿ ಮುಗಿಸುವುದು ವಿಶ್ವಾಸವಲ್ಲ. ಎಫ್ರಾತದ ದಾರಿಯಲ್ಲಿ ಹೆರಿಗೆಯಲ್ಲೇ ಮಡಿದ ರಾಖೇಲಳ ಸಾವನ್ನು ಬೈಬಲ್ ಮುಚ್ಚಿಡುವುದಿಲ್ಲ (ಆದಿ 35:16-19). ಶತಮಾನಗಳ ಬಳಿಕ ಯೆರೆಮೀಯನು ಅವಳ ರೋದನವನ್ನು ಮತ್ತೆ ಕೇಳುತ್ತಾನೆ. ಅವಳು ಸಮಾಧಾನವನ್ನು ಒಲ್ಲೆನೆನ್ನುತ್ತಾಳೆ (ಯೆರೆ 31:15). ಆ ನಿರಾಕರಣೆಯೂ ದೇವವಾಕ್ಯದ ಭಾಗ. ನ್ಯಾಯವನ್ನು ಕೇಳುವುದೂ ಪ್ರಾರ್ಥನೆಯೇ.

5. ಮರಿಯಮ್ಮನವರ ತಾಯ್ತನ

ನಾವು ಆ ತಾಯಿಗೆ ಮರಿಯಮ್ಮನವರನ್ನು ತೋರಿಸಿದ್ದು ತಪ್ಪಲ್ಲ. ಯಾವ ಮರಿಯಮ್ಮನವರನ್ನು ತೋರಿಸಿದೆವು ಎಂಬುದು ಪ್ರಶ್ನೆ. ಶುಭಸಂದೇಶದ ಮರಿಯಮ್ಮನವರು ಮನೆಯಿಂದ ದೂರದ ಬೆತ್ಲೆಹೇಮಿನಲ್ಲಿ ಹೆತ್ತು ಕೂಸನ್ನು ಗೋದಲಿಯಲ್ಲಿ ಮಲಗಿಸಿದವರು, ಪರದೇಶಕ್ಕೆ ವಲಸೆಹೋದವರು. ಮೂರು ದಿನ ಹುಡುಕಿ ಮಗನನ್ನು ಕಂಡಾಗ, ನಮಗೆ ಹೀಗೇಕೆ ಮಾಡಿದೆಯೆಂದು ನೇರವಾಗಿ ಕೇಳಿದವರು; ಬಂದ ಉತ್ತರವನ್ನು ಅರ್ಥಮಾಡಿಕೊಳ್ಳಲಾಗದೆ ಮನದಲ್ಲಿ ಇಟ್ಟುಕೊಂಡವರು (ಲೂಕ 2:48-51). ಅವರ ವಿಶ್ವಾಸ ಆತಂಕವಿಲ್ಲದ ವಿಶ್ವಾಸವಲ್ಲ. ಆತಂಕದೊಡನೆ ನಡೆದ ವಿಶ್ವಾಸ. ಜೊತೆಗೆ ಜೋಸೆಫರೂ ಇದ್ದರು: ರಾತ್ರಿಯೇ ಎದ್ದು ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಹೊರಟವರು ಅವರು (ಮತ್ತಾಯ 2:14). ಇರುಳಿನಲ್ಲಿ ಎದ್ದೇಳುವುದು ತಂದೆಯ ಧರ್ಮವೂ ಹೌದೆಂದು ನಮ್ಮ ಗಂಡಸರಿಗೆ ಬೋಧಿಸಲು ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

6. ಪಾಲನಾ ಸೇವೆಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಎಳೆಗೂಸುಗಳ ಆರೈಕೆಯು ಭಾನುವಾರದ ಬಲಿಪೂಜೆಯ ಕಡ್ಡಾಯದಿಂದ ವಿನಾಯಿತಿ ನೀಡುವ ಗಂಭೀರ ಕಾರಣವೆಂದು ಧರ್ಮೋಪದೇಶ ಗ್ರಂಥವೇ ಉದಾಹರಿಸುತ್ತದೆ (ಸಂಖ್ಯೆ 2181). ಇದನ್ನು ಪೀಠದಿಂದ ಬಹಿರಂಗವಾಗಿ ತಿಳಿಸಬೇಕು. ಬರಲು ಇಚ್ಛಿಸುವ ತಾಯಿಗೆ ಕೂಸಿನ ಅಳು ಅಡ್ಡಿಯಾಗದಂತೆ ನೋಡಿಕೊಳ್ಳುವ ಹೊಣೆ ಸಭೆಯದು. ತಿರುಗಿ ದಿಟ್ಟಿಸುವ ಕಣ್ಣುಗಳಿಗಿಂತ ಎತ್ತಿಕೊಳ್ಳುವ ಕೈ ಮೇಲು.

ಎರಡನೆಯದಾಗಿ, ಹಾಲೂಡಿಸುವಾಗ ಹೇಳುವ ಒಂದೇ ನಾಮಸ್ಮರಣೆಯೂ ಪೂರ್ಣ ಪ್ರಾರ್ಥನೆ. ಹಾಲು ಬಿಟ್ಟ ಕೂಸು ತಾಯಿಯ ಮಡಿಲಲ್ಲಿ ಮೌನವಾಗಿರುವುದನ್ನೇ 131ನೆಯ ಕೀರ್ತನೆಯು ಪ್ರಾರ್ಥನೆಯ ಚಿತ್ರವಾಗಿಸುತ್ತದೆ.

ಮೂರನೆಯದಾಗಿ, ಹೆರಿಗೆಯ ಬಳಿಕ ಕಾಡುವ ಖಿನ್ನತೆ ಕಾಯಿಲೆಯೇ ಹೊರತು ಅವಿಶ್ವಾಸವಲ್ಲ, ದೆವ್ವದ ಕಾಟವೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಘಟಕ 2009ರಿಂದ ಇದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಈ ಸಂಖ್ಯೆಯನ್ನು ದೇವಾಲಯದ ಫಲಕದಲ್ಲಿ ಬರೆದಿಡುವುದೂ ಗುರುಸೇವೆಯ ಭಾಗವೇ. ತಾಯಿಯೊಬ್ಬಳು ತನ್ನ ಇಲ್ಲವೆ ಕೂಸಿನ ಜೀವದ ಬಗ್ಗೆ ಅಂಜಿಕೆಯ ಮಾತಾಡಿದರೆ ಅಂದೇ ವೈದ್ಯರ ಬಳಿಗೆ ಜೊತೆಯಾಗಿ ಹೋಗಬೇಕು.

ನಾಲ್ಕನೆಯದಾಗಿ, ಗರ್ಭಪಾತವಾಗಿಯೋ ಹೆರಿಗೆಯಲ್ಲೋ ಕೂಸನ್ನು ಕಳೆದುಕೊಂಡವರ ದುಃಖಕ್ಕೆ ನಮ್ಮಲ್ಲಿ ಅನೇಕ ವೇಳೆ ಹೆಸರೂ ಇಲ್ಲ, ವಿಧಿಯೂ ಇಲ್ಲವೆಂಬಂತಾಗಿದೆ. ದೀಕ್ಷಾಸ್ನಾನವಿಲ್ಲದೆ ಅಗಲಿದ ಕೂಸುಗಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ (ಸಂಖ್ಯೆ 1261). ಈ ಭರವಸೆಯನ್ನೇ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ 2007ರ ದಾಖಲೆಯಲ್ಲಿ ವಿಸ್ತರಿಸಿತು. ದೀಕ್ಷಾಸ್ನಾನ ಕೊಡಿಸುವ ಸಂಕಲ್ಪ ಹೆತ್ತವರಿಗಿದ್ದಲ್ಲಿ, ಧರ್ಮಾಧ್ಯಕ್ಷರ ಅನುಮತಿಯೊಂದಿಗೆ ಅಂತಹ ಕೂಸಿಗೆ ಅಂತ್ಯಸಂಸ್ಕಾರದ ವಿಧಿಯನ್ನು ನಡೆಸಲು ಧರ್ಮಸಭೆಯ ಕಾನೂನು ಅವಕಾಶ ಕೊಡುತ್ತದೆ (ವಿಧಿ 1183). ಇದನ್ನು ಕೇಳಬಹುದೆಂಬುದು ಹೆತ್ತವರಿಗೆ ತಿಳಿದಿರುವುದಿಲ್ಲ, ತಿಳಿಸಬೇಕಾದವರು ನಾವು.

ಕೊನೆಯದಾಗಿ, ಪ್ರತಿ ಧರ್ಮಕೇಂದ್ರದಲ್ಲೂ ತವರು ದೂರವಿರುವ ಬಾಣಂತಿಯರ ಮನೆಗೆ ಸರದಿಯಂತೆ ಹೋಗುವ ಹಿರಿಯ ತಾಯಂದಿರ ಗುಂಪು ಇರಲಿ. ಬುತ್ತಿ ಒಯ್ಯಲಿ, ಎರಡು ತಾಸು ಕೂಸನ್ನು ನೋಡಿಕೊಳ್ಳಲಿ. ಮೋಶೆಗೆ ಎಪ್ಪತ್ತು ಮಂದಿ ಬೇಕಾದರು. ನಮ್ಮ ಒಂದು ಹಳ್ಳಿಗೆ ನಾಲ್ಕೈದು ಮಂದಿ ಸಾಕು.

ಉಪಸಂಹಾರ

1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯದ ಈ ಭಾಗದಲ್ಲಿ ಕ್ರೈಸ್ತರ ಸಂಖ್ಯೆ ಚಿಕ್ಕದು. ಆದರೆ ತಾಯ್ತನದ ಬವಣೆಗೆ ಮತದ ಗಡಿಯಿಲ್ಲ. ತವರಿನ ಬಾಗಿಲಿಗೂ ಇರಬಾರದು. ಧರ್ಮಸಭೆಯನ್ನು ನಾವು ಮಾತೆಯೆಂದು ಕರೆಯುತ್ತೇವೆ. ಹಾಗೆ ಕರೆದ ಮೇಲೆ ಅವಳ ಮನೆ ಬಳಲಿದ ತಾಯಂದಿರಿಗೆ ತವರಾಗಲೇಬೇಕು.

ಆರಂಭದಲ್ಲಿ ಹೇಳಿದ ತಾಯಿಯನ್ನು ಕೆಲವು ವಾರಗಳ ನಂತರ ಮತ್ತೆ ಕಂಡೆವು. ಏಲಿಯಂತೆ ನಮ್ಮ ಮಾತನ್ನು ಹಿಂತೆಗೆದುಕೊಂಡು, ದೇವರಿಗೆ ಸಿಟ್ಟಿಲ್ಲವೆಂದೂ, ಕೂಸಿನ ಪಕ್ಕದಲ್ಲಿ ಆಕೆ ನಿದ್ದೆಹೋಗುವ ಹೊತ್ತನ್ನು ದೇವರೇ ಕಾಯುತ್ತಾರೆಂದೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಂದ್ರ ಇವತ್ತು ಒಳಗ ಕುಂದರತೀನ್ರಿ” ಎಂದರು. ಅಂದು ಪೂಜೆಯ ನಡುವೆ ಕೂಸು ಅತ್ತಿತು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಕೈಚಾಚಿ ಅದನ್ನು ಎತ್ತಿಕೊಂಡರು.