ಕಚೇರಿಗಳ ನಡುವಿನ ದಾರಿ: ಕಾರ್ಯಪ್ರಕ್ರಿಯೆ ಜೋಡಣೆಯ ತಂತ್ರಾಂಶ ರಚನೆಗೆ ಯುವಕರ ತರಬೇತಿ

ಕೂಲಿ ಹಣ ಜಮೆಯಾಗದಿದ್ದಾಗ ಕೂಲಿಕಾರರು ಮೊದಲು ಬರುವುದು ತಮ್ಮ ವಾರ್ಡಿನ ಸದಸ್ಯರ ಬಳಿಗೆ. ಪಂಚಾಯತಿಯ ಗಣಕಯಂತ್ರವು ಪಾವತಿ ಆದೇಶ ಹೋಗಿದೆ ಎಂದು ತೋರಿಸುತ್ತದೆ. ಬ್ಯಾಂಕಿನವರು ಹಣ ಬಂದಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ಸತ್ಯವಾಗಿರಬಹುದು. ತೊಡಕು ಇರುವುದು ಈ ಎರಡು ಕಚೇರಿಗಳ ನಡುವಿನ ದಾರಿಯಲ್ಲಿ.

ಮಹಾತ್ಮ ಗಾಂಧಿ ನರೇಗಾ ಯೋಜನೆಯಡಿ ಆ ದಾರಿ ಸಾಕಷ್ಟು ಉದ್ದವಾಗಿತ್ತು. ಹಾಜರಾತಿಯು ಎನ್‌ಎಂಆರ್‌ನಲ್ಲಿ ದಾಖಲಾಗಿ, ಕಾಮಗಾರಿಯ ಅಳತೆಯಾಗಿ, ಕೂಲಿ ಪಟ್ಟಿ ಸಿದ್ಧವಾದ ಬಳಿಕ ನಿಧಿ ವರ್ಗಾವಣೆ ಆದೇಶಕ್ಕೆ ಎರಡು ಡಿಜಿಟಲ್ ಸಹಿಗಳು ಬೀಳುತ್ತಿದ್ದವು. ಅದು ನರೇಗಾ ತಂತ್ರಾಂಶದಿಂದ ಕೇಂದ್ರದ ಸಾರ್ವಜನಿಕ ಹಣಕಾಸು ನಿರ್ವಹಣಾ ವ್ಯವಸ್ಥೆಗೆ ಹೋಗಿ, ಅಲ್ಲಿಂದ ರಾಷ್ಟ್ರೀಯ ಪಾವತಿ ನಿಗಮದ ಮೂಲಕ ಬ್ಯಾಂಕನ್ನು ತಲುಪುತ್ತಿತ್ತು. 2024ರ ಜನವರಿ 1ರಿಂದ ಆಧಾರ್ ಆಧಾರಿತ ಪಾವತಿ ಕಡ್ಡಾಯವಾದ ಮೇಲೆ, ಕೂಲಿಕಾರರು ಕೊಟ್ಟ ಪಾಸ್‌ಬುಕ್ಕಿನ ಸಂಖ್ಯೆಗಿಂತ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದೇ ಮುಖ್ಯವಾಯಿತು. ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಮರೆತವರ ಕೂಲಿಯು ಆ ಮರೆತ ಖಾತೆಯಲ್ಲಿಯೇ ಕುಳಿತಿರುವುದುಂಟು. ಹಾಜರಾತಿ ಪಟ್ಟಿ ಮುಕ್ತಾಯವಾದ 15 ದಿನಗಳೊಳಗೆ ಕೂಲಿ ಸಲ್ಲಬೇಕು, 16ನೇ ದಿನದಿಂದ ದಿನಕ್ಕೆ ಶೇ. 0.05ರಂತೆ ವಿಳಂಬ ಪರಿಹಾರ ನೀಡಬೇಕು ಎಂಬುದು ಆ ಯೋಜನೆಯ ನಿಯಮವಾಗಿತ್ತು. ಆದರೆ ಹಣ ಯಾವ ಹಂತದಲ್ಲಿ ನಿಂತಿತೆಂಬುದೇ ತಿಳಿಯದಿದ್ದರೆ ಆ ನಿಯಮದಿಂದ ಕೂಲಿಕಾರರಿಗೆ ಪ್ರಯೋಜನ ಕಡಿಮೆಯಿತ್ತು.

ಹೀಗೆ ಒಂದು ಕಚೇರಿಯ ತಂತ್ರಾಂಶವನ್ನು ಇನ್ನೊಂದರೊಡನೆ ಬೆಸೆದು, ಕಡತವು ಮಧ್ಯದಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವ ತಂತ್ರಾಂಶವನ್ನು ಕಾರ್ಯಪ್ರಕ್ರಿಯೆ ಜೋಡಣೆಯ ತಂತ್ರಾಂಶ ಎನ್ನುತ್ತಾರೆ. ಇದನ್ನು ರಚಿಸುವವರಿಗೆ ಗಣಕ ಭಾಷೆಯ ಜ್ಞಾನ ಅವಶ್ಯ. ಆದರೆ ಅಷ್ಟೇ ಸಾಲದು. ಕಡತ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ಕಾಯುತ್ತದೆ, ಯಾರು ತಿರಸ್ಕರಿಸಬಲ್ಲರು ಎಂಬುದನ್ನು ಅವರು ಮೊದಲು ಕಾಗದದ ಮೇಲೆ ಬರೆಯಬೇಕು. ಇದಕ್ಕಾಗಿ ಬಿಪಿಎಂಎನ್ ಎಂಬ ಅಂತರರಾಷ್ಟ್ರೀಯ ನಕ್ಷಾ ಪದ್ಧತಿಯೇ ಇದೆ. ಕಚೇರಿಯ ಕಟಾಂಜನದ ಬಳಿ ಎರಡು ದಿನ ಕುಳಿತು ನೋಡದೆ ಆ ನಕ್ಷೆಯನ್ನು ಸರಿಯಾಗಿ ಬರೆದವರು ವಿರಳ.

ಈ ಭಾಗದ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ಕಲಿಕೆಗೆ ವಿಷಯದ ಕೊರತೆಯಿಲ್ಲ. ಜಮಖಂಡಿ ತಾಲ್ಲೂಕಿನಲ್ಲಿದ್ದ ಹಳ್ಳಿಗಳು ರಬಕವಿ-ಬನಹಟ್ಟಿ ಹೊಸ ತಾಲ್ಲೂಕಿಗೆ ಸೇರಿದಾಗ ಹಳ್ಳಿ ಕದಲಲಿಲ್ಲ, ಅದರ ತಾಲ್ಲೂಕು ಬದಲಾಯಿತು. ಒಂದು ಇಲಾಖೆಯ ತಂತ್ರಾಂಶ ಹೊಸ ತಾಲ್ಲೂಕನ್ನು ಗುರುತಿಸಿ, ಇನ್ನೊಂದು ಹಳೆಯದನ್ನೇ ಉಳಿಸಿಕೊಂಡರೆ ಒಂದೇ ಊರು ಎರಡಾಗಿ ಕಾಣುತ್ತದೆ. ಇದನ್ನು ತಪ್ಪಿಸಲೆಂದೇ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು ಪ್ರತಿ ಗ್ರಾಮಕ್ಕೂ ಗ್ರಾಮ ಪಂಚಾಯತಿಗೂ ಪ್ರತ್ಯೇಕ ಸಂಕೇತ ಸಂಖ್ಯೆಯ ಕೋಶವೊಂದನ್ನು ನಿರ್ವಹಿಸುತ್ತಿದೆ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿನಿಂದ ಸ್ಥಳಾಂತರಗೊಂಡ ಊರುಗಳ ವಿಷಯ ಇನ್ನೂ ಸೂಕ್ಷ್ಮ: ಮುಳುಗಿದ ಊರಿನ ಹೆಸರು ಹಳೆಯ ದಾಖಲೆಯಲ್ಲಿ, ಪುನರ್ವಸತಿ ಕೇಂದ್ರದ ಹೆಸರು ಹೊಸದರಲ್ಲಿ. ಇನ್ನು ಪಹಣಿಯಲ್ಲಿ ‘ಬಸಪ್ಪ’ ಎಂದಿರುವವರು ಆಧಾರ್‌ನಲ್ಲಿ ‘ಬಸವರಾಜ’ ಆಗಿರುವುದನ್ನು ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಇಬ್ಬರೂ ಒಬ್ಬರೇ ಎಂದು ಊರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅಂಥ ಹೆಸರುಗಳನ್ನು ಯಂತ್ರವು ತಾನಾಗಿ ತಿರಸ್ಕರಿಸದೆ, ಪರಿಶೀಲನೆಗಾಗಿ ಒಬ್ಬ ಅಧಿಕಾರಿಯ ಮುಂದಿಡುವಂತೆ ರೂಪಿಸುವುದು ತರಬೇತಿಯ ಮುಖ್ಯ ಪಾಠವಾಗಬೇಕು.

ಎರಡನೆಯ ಪಾಠ ವೈಫಲ್ಯದ್ದು. ಮುಧೋಳ, ಜಮಖಂಡಿ ಭಾಗದ ಕಬ್ಬಿನ ವ್ಯವಹಾರವನ್ನೇ ನೋಡಬಹುದು. ಕಬ್ಬು ನೋಂದಣಿ, ಕಟಾವು ಆದೇಶ, ತೂಕದ ಚೀಟಿ, ಬ್ಯಾಂಕ್ ಜಮೆ ಇವು ಒಂದರ ಹಿಂದೊಂದು ಸಾಗಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ವಾರ್ಷಿಕ ಶೇ. 15ರ ಬಡ್ಡಿ. ತೂಕದ ಮಾಹಿತಿ ಕಳುಹಿಸುವಾಗ ಸಂಪರ್ಕ ಕಡಿದರೆ ಯಂತ್ರ ಅದನ್ನು ಮತ್ತೊಮ್ಮೆ ಕಳುಹಿಸುತ್ತದೆ. ಆಗ ಅದೇ ಚೀಟಿ ಎರಡು ಸಲ ಲೆಕ್ಕಕ್ಕೆ ಬರಬಾರದು, ಲೆಕ್ಕದಿಂದ ಬಿಟ್ಟೂ ಹೋಗಬಾರದು. ಪ್ರತಿ ಚೀಟಿಗೂ ವಿಶಿಷ್ಟ ಸಂಖ್ಯೆ, ಪ್ರತಿ ಸಂಜೆ ಎರಡೂ ಕಡೆಯ ಲೆಕ್ಕಗಳ ತಾಳೆ, ವಿಫಲವಾದವುಗಳ ಪ್ರತ್ಯೇಕ ಪಟ್ಟಿ ಇವು ಅದಕ್ಕೆ ಉಪಾಯ. ತರಬೇತಿಯಲ್ಲಿ ಉದ್ದೇಶಪೂರ್ವಕವಾಗಿ ಸಂಪರ್ಕ ಕಡಿದು, ತಪ್ಪು ಹೆಸರು ಕೊಟ್ಟು ಪರೀಕ್ಷಿಸಬೇಕು. ಎಲ್ಲವೂ ಸುಸೂತ್ರವಾಗಿರುವಾಗ ಕೆಲಸ ಮಾಡುವ ತಂತ್ರಾಂಶವನ್ನು ಯಾರಾದರೂ ಬರೆದಾರು.

ಜಿಲ್ಲೆಯ ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಅಧ್ಯಯನಕ್ಕೆಂದು ಬಂದಾಗ, ಒಂದು ಅರ್ಜಿಯು ಆರಂಭದಿಂದ ಅಂತ್ಯದವರೆಗೆ ಸಾಗುವ ಬಗೆಯನ್ನು ಅಭಿವೃದ್ಧಿ ಅಧಿಕಾರಿಯವರ ಸಮ್ಮುಖದಲ್ಲಿ ನೋಡಲು ಗ್ರಾಮ ಪಂಚಾಯತಿಗಳು ಅವಕಾಶ ಕಲ್ಪಿಸಬಹುದು. ಅಭ್ಯಾಸಕ್ಕೆ ಕಲ್ಪಿತ ಹೆಸರು, ಕಲ್ಪಿತ ಸಂಖ್ಯೆಗಳನ್ನು ಮಾತ್ರ ಕೊಡತಕ್ಕದ್ದು. ಗ್ರಾಮಸ್ಥರ ಆಧಾರ್ ಹಾಗೂ ಬ್ಯಾಂಕ್ ವಿವರಗಳನ್ನು ಅಭ್ಯಾಸಕ್ಕೆ ಒದಗಿಸುವುದು ಸಲ್ಲದು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರ ಕಾಯ್ದೆಯೂ ಇದೆ. ಅಧಿಕಾರಿ ಹಾಗೂ ಗಣಕಯಂತ್ರ ನಿರ್ವಾಹಕರ ಜೊತೆಗೆ ಸದಸ್ಯರ ಮಾತನ್ನೂ ವಿದ್ಯಾರ್ಥಿಗಳು ಕೇಳುವುದು ಒಳಿತು. ಯಾವ ಹಂತದಲ್ಲಿ ಜನ ಹೆಚ್ಚಾಗಿ ಮರಳಿ ಬರುತ್ತಾರೆ ಎಂಬುದು ಯಾವ ತಂತ್ರಾಂಶದಲ್ಲೂ ದಾಖಲಾಗಿರುವುದಿಲ್ಲ, ಸದಸ್ಯರಿಗೆ ಮಾತ್ರ ನೆನಪಿರುತ್ತದೆ.