ನಿಮಗಿದು ಗೊತ್ತೆ? ಪುಣೆಯ ‘ಸವಾಯಿ’ ಕುಂದಗೋಳದ ಋಣ

ಪ್ರತಿ ಡಿಸೆಂಬರಿನಲ್ಲಿ ಪುಣೆಯಲ್ಲಿ ನಡೆಯುವ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆ ಹೆಸರು ಕೊಟ್ಟವರು ‘ಸವಾಯಿ ಗಂಧರ್ವ’ ಎಂದೇ ಹೆಸರಾದ, ಧಾರವಾಡ ಜಿಲ್ಲೆಯ ಕುಂದಗೋಳದ ಗಾಯಕ ರಾಮಭಾವು ಕುಂದಗೋಳಕರ್. 1952ರಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಶಿಷ್ಯ, ಗದಗಿನ ಭೀಮಸೇನ ಜೋಶಿ ಗುರುವಿನ ನೆನಪಿಗೆ ಈ ಉತ್ಸವ ಆರಂಭಿಸಿದರು. ಬೆನ್ನಿಗೆ ನಿಂತದ್ದು ಆರ್ಯ ಸಂಗೀತ ಪ್ರಸಾರಕ ಮಂಡಳ. ಅದರ ಮುಂದಾಳುಗಳಲ್ಲಿ ಒಬ್ಬರಾದ ಡಾ. ನಾನಾಸಾಹೇಬ ದೇಶಪಾಂಡೆ ವೃತ್ತಿಯಿಂದ ವೈದ್ಯರು, ಸವಾಯಿ ಗಂಧರ್ವರ ಅಳಿಯ. ಹಾಡುವವರಷ್ಟೇ ಅಲ್ಲ, ಹಾಡಿಸುವವರೂ ಇದ್ದದ್ದರಿಂದಲೇ ಈ ಉತ್ಸವ ಉಳಿಯಿತು.

ಚಳಿಯಲ್ಲಿ ಶಾಲು ಹೊದ್ದು, ಪೆಂಡಾಲಿನ ನೆಲದ ಬೈಠಕ್‌ನಲ್ಲಿ ಕುಳಿತು ಜನ ಬೆಳಗಿನವರೆಗೂ ಕೇಳುತ್ತಿದ್ದರು. ರಾತ್ರಿ 10ರ ನಂತರ ಧ್ವನಿವರ್ಧಕ ನಿರ್ಬಂಧಿಸುವ ನಿಯಮ 2000ದಲ್ಲಿ ಬಂದ ಮೇಲೆ ಅಹೋರಾತ್ರಿ ಕಛೇರಿಗಳಿಗೆ ಕತ್ತರಿ ಬಿತ್ತು. ಬೆಳಗಿನ ಜಾವದ ರಾಗಗಳಿಗೆ ಇದು ದೊಡ್ಡ ನಷ್ಟವೇ. 2011ರಲ್ಲಿ ಜೋಶಿಯವರು ನಿಧನರಾದ ಬಳಿಕ ಉತ್ಸವದ ಹೆಸರಿಗೆ ಅವರ ಹೆಸರೂ ಸೇರಿತು.

ಕುಂದಗೋಳದ ನಾಡಿಗೇರ ವಾಡೆಯಲ್ಲೂ ಗುರುವಿನ ಪುಣ್ಯತಿಥಿಗೆ ಸಂಗೀತೋತ್ಸವ ನಡೆಯುತ್ತದೆ. ಪುಣೆ ದೂರವೆನಿಸಿದರೆ ಅಲ್ಲಿಗಾದರೂ ಹೋಗಿ ಕೇಳಿ.